ಟಿಚ್ ಬಟನ್ನಿನ ಆರ್‌ಎನ್‌ಎ

ಓದುಗ ಬಂಧುಗಳಿಗೆ ನಮಸ್ಕಾರ. ನಾನು ಓದಲು ಕಲಿತದ್ದೇ ತಡವಾಗಿ, ಟೈಪ್ ಮಾಡಲು ಕಲಿತದ್ದು ಇನ್ನೂ ತಡವಾಗಿ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಮುಂದಿನ ಮಾತು ಮರೆತುಹೋಗುತ್ತದೆ. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಂಬತ್ತರ ದಶಕದ ಸಂಗತಿ. ನ್ಯಾಮತಿಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇತ್ತು. ಜಂಪರ್ ಹೊಲಿಯುತ್ತಲೇ ಓದಿ, ಮೂವತ್ತೆರಡನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ. ವಿಜ್ಞಾನದಲ್ಲಿ ಒಳ್ಳೆಯ ಮಾರ್ಕ್ಸು! ಅದೇ ಹೊತ್ತಿಗೆ ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಕೆಲಸ ಖಾಲಿ ಬಿತ್ತು. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮಿತಿ ಮೀರುತ್ತಿತ್ತು. ಸಿಕ್ಕರೆ ಈಗ, ಇಲ್ಲದಿದ್ದರೆ ಇಲ್ಲ.

ಅಲ್ಲಿನ ಬಯಾಲಜಿ ಮೇಷ್ಟ್ರು ನನ್ನ ಗಿರಾಕಿ. ಪ್ಯಾಂಟಿನ ಅಳತೆ ಕೊಡುತ್ತಾ ಹೇಳಿದರು.

"ಟೈಲರ್ರೇ, ಬರೋ ವಾರ ಕಾಲೇಜ್ನಾಗೆ ವಿಜ್ಞಾನ ಪ್ರದರ್ಶನ ಐತೆ. ಆರ್‌ಎನ್‌ಎದೊಂದು ಮಾಡೆಲ್ ಮಾಡ್ಕಂಡು ಬರ್ರಿ. ನೀವೇ ನಿಂತು ವಿವರ್ಸ್ರಿ. ಪ್ರಿನ್ಸಿಪಾಲ್ರು ಮೆಚ್ಚಿದ್ರೆ ಅಟೆಂಡರ್ ಕೆಲ್ಸ ನಿಮ್ದೇ ಅನ್ಕಳ್ರಿ."

"ಮಾಡಾಕೆ ನಾನು ರೆಡಿ ಸಾರ್. ಆದ್ರೆ ಅದು ಹೆಂಗಿರ್ತೈತೆ?"

"ಡಿಎನ್‌ಎ ಅಂದ್ರೆ ನಿಮ್ಮ ಅಳತೆ ಪುಸ್ತಕ ಇದ್ದಂಗೆ. ಅಂಗಡಿ ಬಿಟ್ಟು ಹೊರಗೆ ಹೋಗಲ್ಲ. ಬೇಕಾದ ಅಳತೆ ಮಾತ್ರ ಚೀಟಿಗೆ ಬರ್ದು ಹೊಲಿಯೋನಿಗೆ ಕೊಡ್ತೀರಲ್ಲ, ಆ ಚೀಟಿನೇ ಆರ್‌ಎನ್‌ಎ. ಅದ್ರ ಮೇಲೆ ಎ, ಯು, ಜಿ, ಸಿ ಅಂತ ನಾಲ್ಕೇ ಅಕ್ಷರ. ಎ ಹೋಗಿ ಯುಗೆ ಅಂಟ್ಕಳ್ತೈತೆ, ಜಿ ಹೋಗಿ ಸಿಗೆ. ಹಂಗಾಗಿ ಚೀಟಿ ತನ್ನ ಮೇಲೆ ತಾನೇ ಮಡಚ್ಕಳ್ತೈತೆ. ಚೀಟಿ ಓದಾಕೆ ಜೀವಕೋಶದಾಗೆ ಒಂದು ಯಂತ್ರ ಐತೆ. ಒಂಥರ ಮಡಚ್ಕಂಡ್ರೆ ಅದು ಅಲ್ಲೇ ನಿಲ್ತೈತೆ, ಇನ್ನೊಂಥರ ಮಡಚ್ಕಂಡ್ರೆ ಮುಂದೆ ಸಾಗ್ತೈತೆ. ಮಡಿಕೆ ತಪ್ಪಿದ್ರೆ ಕೆಲ್ಸ ಕೆಡ್ತೈತೆ, ರೋಗನೂ ಬರಬೌದು."

ಮಡಿಕೆಯ ವಿಷಯವನ್ನು ಟೈಲರಿಗೆ ಇಷ್ಟೊಂದು ಹೇಳಬೇಕೇ? ನನಗೆ ಆಗಲೇ ಎಲ್ಲಾ ಹೊಳೆದುಬಿಟ್ಟಿತ್ತು. ಟಿಚ್ ಬಟನ್! ಒಂದು ಅರ್ಧಕ್ಕೆ ಮೊಳೆ, ಇನ್ನೊಂದು ಅರ್ಧಕ್ಕೆ ತೂತು. ಒತ್ತಿದರೆ ಕಚ್ಚುತ್ತದೆ, ಎಳೆದರೆ ಬಿಡುತ್ತದೆ. ಎರಡು ಮೊಳ ಕೆಂಪು ರಿಬ್ಬನ್ನು ತೆಗೆದುಕೊಂಡು ಎ-ಯು ಜೋಡಿಗೆ ಬಿಳಿ ಬಟನ್ನು, ಜಿ-ಸಿ ಜೋಡಿಗೆ ಕರಿ ಬಟನ್ನು ಹೊಲಿದೆ. ಓದುವ ಯಂತ್ರದ ಬದಲಿಗೆ ಪರದೆಯ ರಿಂಗೊಂದನ್ನು ಏರಿಸಿದೆ. ರಿಬ್ಬನ್ನು ಬಿಚ್ಚಿಕೊಂಡಿದ್ದರೆ ರಿಂಗು ಸರಾಗವಾಗಿ ಜಾರುತ್ತದೆ. ಮಡಚಿ ಒತ್ತಿದರೆ ಮಡಿಕೆಯ ಹತ್ತಿರ ನಿಲ್ಲುತ್ತದೆ. ಅದ್ಭುತ!

ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ನನ್ನ ಹೆಂಡತಿ ಸರೋಜ ತಲೆ ಎತ್ತಿ ನೋಡಿದಳು.

"ರೀ, ಕರಿ ಬಟನ್ನು, ಬಿಳಿ ಬಟನ್ನು ಎರಡೂ ಒಂದೇ ನಂಬರಿನವು, ಒಂದೇ ಸೈಜು. ಕರೇದು ಬಿಳೀದಕ್ಕೂ ಕಚ್ಕಂತೈತಲ್ರೀ?"

"ಲೇ, ಕರೇದು ಕರೇದಕ್ಕೆ, ಬಿಳೀದು ಬಿಳೀದಕ್ಕೆ. ಬಣ್ಣ ಕಾಣಲ್ವೇನೇ?"

"ನಿಮಗೆ ಕಾಣ್ತೈತೆ. ಬಟನ್ನಿಗೆ ಕಣ್ಣೈತಾ?"

"ಇದು ಜಂಪರ್ ಅಲ್ಲ ಕಣೇ, ವಿಜ್ಞಾನ! ಸುಮ್ನೆ ಕಾಜಾ ಹೊಲಿ."

ಎಸ್ಸೆಸ್ಸೆಲ್ಸಿ ಪಾಸಾದವನು ಮತ್ತೆ ಹೇಗೆ ಮಾತಾಡುತ್ತಾನೆ?

ಪ್ರದರ್ಶನದ ದಿನ ರಿಬ್ಬನ್ನನ್ನು ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಹೊನ್ನಾಳಿ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಶುಭಶಕುನ ಎಂದುಕೊಂಡೆ. ಮುಂದಿನ ಸ್ಟಾಪಿನಲ್ಲಿ ಹತ್ತಿದ ಹೆಂಗಸೊಬ್ಬಳಿಗೆ ನಿಲ್ಲಲೂ ಜಾಗವಿರಲಿಲ್ಲ.

"ಅಣ್ಣಾ, ಇದೊಂಚೂರು ಹಿಡ್ಕಳಪ್ಪಾ" ಎಂದು ಜೋಳದ ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟಳು. ಅಂದರೆ ಕೈಚೀಲದ ಮೇಲೆ. ನಿಂತವರ ಗಂಟನ್ನು ಕೂತವರು ಹಿಡಿದುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಬೇಡ ಎನ್ನಲು ಬಾಯಿ ಬರುತ್ತದೆಯೇ? ಹೊನ್ನಾಳಿ ಬರುವವರೆಗೂ ಆ ಚೀಲ ನನ್ನ ಆರ್‌ಎನ್‌ಎಯನ್ನು ಶ್ರದ್ಧೆಯಿಂದ ಒತ್ತಿತು.

ಕಾಲೇಜಿನ ಮೇಜಿನ ಮುಂದೆ ನಿಂತು ಚೀಲಕ್ಕೆ ಕೈ ಹಾಕಿದರೆ ರಿಬ್ಬನ್ನು ಬರಲಿಲ್ಲ. ಉಂಡೆ ಬಂತು! ಕರಿ ಬಿಳಿಗೆ, ಬಿಳಿ ಕರಿಗೆ, ತಲೆ ನಡುವಿಗೆ, ನಡು ಬಾಲಕ್ಕೆ ಕಚ್ಚಿಕೊಂಡು ಕೂತಿತ್ತು. ರಿಂಗು ಎಲ್ಲೋ ಒಳಗೆ ಸೇರಿತ್ತು. ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಕಚ್ಚುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರ ಜೊತೆ ಪ್ರಿನ್ಸಿಪಾಲರು ಬಂದೇಬಿಟ್ಟರು.

"ಇದೇನ್ರೀ ಇದು?"

ನಾನು ಇನ್ನೂ ಬಟನ್ನು ಬಿಡಿಸುತ್ತಲೇ ಇದ್ದೆ. ಮೇಷ್ಟ್ರು ಪಾಪ, ಮುಂದೆ ಬಂದರು.

"ಇದು ಮಡಿಕೆ ತಪ್ಪಿದ ಆರ್‌ಎನ್‌ಎ ಸಾರ್. ರೋಗ ಹೆಂಗೆ ಬರಬೌದು ಅಂತ ತೋರ್ಸಾಕೆ."

"ಬಹಳ ಚೆನ್ನಾಗೈತೆ. ಸರಿಯಾಗಿ ಮಡಚಿದ್ದು ಎಲ್ಲೈತೆ?"

"ಅದೂ ಇದೇ ಸಾರ್" ಎಂದೆ ನಾನು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಒಂದ್ನಿಮಿಷ ಸಾರ್, ಬಿಡಿಸಿ ತೋರಿಸ್ತೀನಿ" ಎಂದು ಎಳೆದೆ. ಎರಡು ಬಟನ್ನು ಕಿತ್ತು ಹಾರಿದವು. ಒಂದು ಪ್ರಿನ್ಸಿಪಾಲರ ಕನ್ನಡಕಕ್ಕೇ ಬಡಿಯಿತು. ಗಾಬರಿಯಲ್ಲಿ ಕೈ ತಾನಾಗಿ ಜೇಬಿಗೆ ಹೋಯಿತು. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಜೇಬಿನಲ್ಲಿ ಕತ್ತರಿ ಇತ್ತು. ಕಚಕ್! ಉಂಡೆ ಬಿಚ್ಚಿತು, ನಿಜ. ಆದರೆ ಆರ್‌ಎನ್‌ಎ ಮೂರು ತುಂಡಾಗಿತ್ತು.

"ರೋಗ ವಾಸಿಯಾತು ಬಿಡ್ರಿ, ರೋಗಿನೇ ಹೋದ!" ಎಂದು ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಳ್ಳುತ್ತಾ ಮುಂದಿನ ಮೇಜಿಗೆ ಹೋದರು.

ಮೇಷ್ಟ್ರು ಒಂದು ತುಂಡನ್ನು ತಿರುಗಿಸಿ ನೋಡಿದರು. "ಎರಡು ಸೈಜಿನವು ಹಾಕಿದ್ರೆ ತಪ್ಪು ಜೋಡಿ ಕಚ್ತಾನೇ ಇರ್ಲಿಲ್ಲ. ಇಷ್ಟು ಹೊಳೀಲಿಲ್ವೇನ್ರೀ?"

ಹೊಳೆದಿತ್ತು ಸಾರ್, ನನ್ನ ಹೆಂಡತಿಗೆ. ಇದನ್ನು ಅವರಿಗೆ ಹೇಳಲಿಲ್ಲ. ಮನೆಗೆ ಹೋಗಿ ಹೆಂಡತಿಗೂ ಹೇಳಲಿಲ್ಲ.

ತಿಂಗಳಾದ ಮೇಲೆ ಅಪರಿಚಿತನೊಬ್ಬ ಖಾಕಿ ಬಟ್ಟೆ ಹಿಡಿದು ಅಂಗಡಿಗೆ ಬಂದ. "ನಾನು ಹೊನ್ನಾಳಿ ಕಾಲೇಜಿನ ಹೊಸ ಅಟೆಂಡರ್ರಿ. ಯೂನಿಫಾರಂ ಹೊಲಿಸ್ಬೇಕು. ನಿಮ್ಮತ್ರನೇ ಹೋಗು ಅಂತ ಪ್ರಿನ್ಸಿಪಾಲ್ರೇ ಕಳ್ಸಿದ್ರು."

ಎದೆ ಅಳತೆ ಮೂವತ್ತಾರು. ನನ್ನದೂ ಮೂವತ್ತಾರೇ. ಹೊಲಿದು ಮುಗಿಸಿದ ಮೇಲೆ, ಕೂರುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕಲ್ಲ ಎಂದು ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಸ್ವಲ್ಪ ಹೆಚ್ಚು ಹೊತ್ತೇ ನಿಂತೆ ಎಂದು ಕಾಣುತ್ತದೆ.

"ಚೆಂದ ಕಾಣ್ತೈತ್ರೀ" ಎಂದಳು ಸರೋಜ. "ಬಿಚ್ಚಿ ಕೊಡ್ರಿ, ಇಸ್ತ್ರಿ ಮಾಡ್ಬೇಕು. ಅವ್ನು ಬರೋ ಹೊತ್ತಾತು."

ಬಿಚ್ಚಿಕೊಟ್ಟೆ.

ಓದುಗರೇ, ನಿಮಗೂ ಇಂಥದ್ದೇನಾದರೂ ಆಗಿದ್ದರೆ ದಯವಿಟ್ಟು ಬರೆದು ಕಳಿಸಿ. ಲೋಕದಲ್ಲಿ ನಾನೊಬ್ಬನೇ ಹೀಗಲ್ಲ ಎಂದು ಸರೋಜಳಿಗೆ ಓದಿ ಹೇಳಬೇಕಾಗಿದೆ.