ಬಸ್ಸಿನಲ್ಲಿ ಬಂದ ಮೂರನೇ ತರಗತಿ

ನನ್ನ ಚಿಕ್ಕಮ್ಮನಿಗೆ ತಲೆ ಸರಿ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದವರು ಬಿ.ಸಿ.ರೋಡ್ ಬಸ್ ನಿಲ್ದಾಣದ ಏಜೆಂಟರು, ಅದನ್ನೂ ಬಹಳ ಗೌರವದಿಂದಲೇ ಹೇಳಿದರು! ಸರ್ಕಾರಿ ಶಾಲೆಯ ಮೂರನೇ ತರಗತಿಯನ್ನು ಅಕ್ಕಿಚೀಲದಲ್ಲಿ ತುಂಬಿ, ಮೂಡುಬಿದಿರೆ ಬಸ್ಸಿನಲ್ಲಿ ಡ್ರೈವರ್ ಸೀಟಿನ ಪಕ್ಕ ಇಟ್ಟು, ‘ನಿಧಾನ ಹೋಗಿ, ಮಕ್ಕಳು ಉಂಟು’ ಎಂದು ಎಚ್ಚರಿಸಿ ಹೋಗುವ ಹೆಂಗಸನ್ನು ನೀವಾದರೂ ಏನೆಂದು ಕರೆಯುತ್ತೀರಿ?

ಚೀಲದಲ್ಲಿದ್ದದ್ದು ಮಕ್ಕಳಲ್ಲ, ಮಕ್ಕಳ ನೋಟ್ ಪುಸ್ತಕಗಳು. ಚಿಕ್ಕಮ್ಮನಿಗೆ ಎರಡರ ನಡುವೆ ಅಷ್ಟೇನೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಅವರು ನನ್ನ ಅಮ್ಮನ ತಂಗಿ. ಬಿ.ಸಿ.ರೋಡಿನಲ್ಲಿ ಹೆದ್ದಾರಿಯ ಪಕ್ಕದ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದರು. ಪೇಟೆಯ ಶಾಲೆ ಎಂದ ಕೂಡಲೇ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಪೇಟೆಯವರ ಮಕ್ಕಳು ಬೆಳಿಗ್ಗೆ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಾರೆ. ಇಲ್ಲಿ ಉಳಿಯುವುದು ಬಾಡಿಗೆ ಕೋಣೆಗಳಲ್ಲಿರುವ ಗಾರೆ ಕೆಲಸದವರ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ ಮಕ್ಕಳು. ಎರಡು ತರಗತಿಗಳಿಗೆ ಒಂದೇ ಕೋಣೆ, ಮಳೆಗಾಲದಲ್ಲಿ ಆ ಕೋಣೆಯಲ್ಲಿ ಮೂರು ಬಕೆಟ್.

ಚಿಕ್ಕಮ್ಮನಿಗೆ ಹಾಜರಿ ಕರೆಯುವ ಹುಚ್ಚು. ಶಾಲೆಯಲ್ಲಿ ಕರೆದರೆ ಸರಿ, ಮದುವೆಮನೆಯ ಪಂಕ್ತಿಯಲ್ಲೂ ಕರೆಯುತ್ತಾರೆ! ‘ದೊಡ್ಡಣ್ಣ?’ ‘ಬಂದಿದ್ದೇನೆ.’ ‘ಕಾರ್ಕಳದ ಅತ್ತಿಗೆ?’ ‘ಬಂದಿದ್ದೇನೆ.’ ನನ್ನ ಮದುವೆಯ ದಿನ ಮಂಟಪದಲ್ಲಿ ಕುಳಿತಿದ್ದ ನನ್ನ ಹೆಸರನ್ನೂ ಕೂಗಿದರು. ನಾನು ಕೈ ಎತ್ತಿ ‘ಬಂದಿದ್ದೇನೆ ಚಿಕ್ಕಮ್ಮ’ ಎಂದೆ. ಪುರೋಹಿತರು ಮಂತ್ರ ನಿಲ್ಲಿಸಿ ಕಾದರು. ಯಾಕೆ ಹೀಗೆ ಎಂದು ಕೇಳಿದರೆ, ‘ಕರೆಯದಿದ್ದರೆ ಯಾರು ಇಲ್ಲ ಅಂತ ಗೊತ್ತಾಗುವುದು ಹೇಗೆ ಮಾರಾಯ?’ ಎನ್ನುತ್ತಿದ್ದರು.

ಅಂಥವರ ಶಾಲೆಗೆ ಕೊರೊನಾ ಬಂದು ಬೀಗ ಬಿತ್ತು.

ನಾನು ಮೂಡುಬಿದಿರೆಯ ಒಂದು ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಆನ್‌ಲೈನ್ ಪಾಠ ಎಂದಾಗ ನನಗಾದ ಉತ್ಸಾಹ ಏನು ಕೇಳುತ್ತೀರಿ! ಹೊಸ ಮೈಕು, ಮುಖಕ್ಕೊಂದು ಲೈಟು, ಬೆನ್ನ ಹಿಂದೆ ಪುಸ್ತಕದ ಕಪಾಟು. ಹೊಟ್ಟೆಯವರೆಗೆ ಇಸ್ತ್ರಿ ಮಾಡಿದ ಅಂಗಿ, ಅಲ್ಲಿಂದ ಕೆಳಗೆ ಲುಂಗಿ. ಒಂದು ದಿನ ಮನೆಗೆ ಬಂದಿದ್ದ ಚಿಕ್ಕಮ್ಮ ಬದಿಯಲ್ಲಿ ಕುಳಿತು ನನ್ನ ಪಾಠ ಪೂರ್ತಿ ನೋಡಿದರು.

‘ಎಷ್ಟು ಮಕ್ಕಳು ಇದ್ದಾರೆ?’

‘ಅರವತ್ತು.’

‘ಎಲ್ಲಿ? ನನಗೆ ಬರೀ ಬಣ್ಣದ ಬಿಲ್ಲೆ ಕಾಣ್ತದೆ.’

‘ಅವೇ ಮಕ್ಕಳು ಚಿಕ್ಕಮ್ಮ. ಕ್ಯಾಮೆರಾ ಬಂದ್ ಮಾಡಿದ್ದಾರೆ.’

‘ಒಂದು ಪ್ರಶ್ನೆ ಕೇಳು ನೋಡುವ.’

ಕೇಳಿದೆ. ಅರವತ್ತು ಬಿಲ್ಲೆಗಳೂ ಮೌನ. ಯಾರದೋ ಮನೆಯಲ್ಲಿ ಮಿಕ್ಸಿ ತಿರುಗುವ ಸದ್ದು ಮಾತ್ರ ಗರಗರ ಕೇಳಿಸಿತು. ಚಿಕ್ಕಮ್ಮ ಎದ್ದು ಸೀರೆ ಸರಿಪಡಿಸಿಕೊಂಡರು. ‘ಆ ಮಿಕ್ಸಿಗೆ ಹಾಜರಿ ಹಾಕು. ಪಾಪ, ಅದೊಂದು ಬಂದಿದೆ.’

ನನಗೆ ಸಿಟ್ಟು ಬಂತು. ಬೀದರಿನ ಒಬ್ಬ ವಿದ್ಯಾರ್ಥಿನಿ ನನ್ನ ಪಾಠದ ರೆಕಾರ್ಡಿಂಗನ್ನು ನಾಲ್ಕು ಸಲ ಹಿಂದಕ್ಕೆ ಹಾಕಿ ಕೇಳಿ ಅರ್ಥ ಮಾಡಿಕೊಂಡೆ ಎಂದಿದ್ದಳು, ಅದು ಸುಳ್ಳೇ? ಸುಳ್ಳಲ್ಲ ಎಂದು ಚಿಕ್ಕಮ್ಮನೂ ಒಪ್ಪಿದರು. ಆಮೇಲೆ, ‘ಅವಳಿಗೆ ಸ್ವಂತ ಕೋಣೆ ಉಂಟಾ? ಸ್ವಂತ ಮೊಬೈಲು?’ ಎಂದು ಕೇಳಿದರು. ಎರಡೂ ಇದ್ದವು.

ಅವರ ಶಾಲೆಯ ಮಕ್ಕಳಿಗೆ ಎರಡೂ ಇರಲಿಲ್ಲ. ಆದರೂ ಮೇಲಿನಿಂದ ಆದೇಶ ಬಂದ ಮೇಲೆ ಚಿಕ್ಕಮ್ಮನೂ ವಾಟ್ಸಾಪ್ ಗುಂಪು ಮಾಡಿದರು, ಮಗ್ಗಿ ಹೇಳಿ ವಿಡಿಯೋ ಹಾಕಿದರು. ಮನೆಯ ಮೊಬೈಲು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಸಂಜೆ ಉತ್ತರಗಳು ಬಂದವು. ಒರಟು ಗಂಟಲಿನ ಗಂಡಸೊಬ್ಬ, ಹಿನ್ನೆಲೆಯಲ್ಲಿ ಜಲ್ಲಿ ಮಿಶ್ರಣದ ಯಂತ್ರದ ಸದ್ದಿನೊಂದಿಗೆ, ಏಳರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದ್ದ! ‘ಈ ವರ್ಷ ನನ್ನ ಕ್ಲಾಸಿನಲ್ಲಿ ಅಪ್ಪಂದಿರೆಲ್ಲ ಪಾಸು’ ಎಂದು ಚಿಕ್ಕಮ್ಮ ಫೋನಿನಲ್ಲಿ ನಕ್ಕರು.

ಅಷ್ಟರಲ್ಲಿ ಬಸ್ಸುಗಳು ಓಡತೊಡಗಿದವು, ಶಾಲೆ ಮಾತ್ರ ತೆರೆಯಲಿಲ್ಲ. ಬಸ್ಸಿನಲ್ಲಿ ಐವತ್ತು ಜನ ನೂಕಿಕೊಂಡು ಹೋಗಬಹುದು, ತರಗತಿಯಲ್ಲಿ ಹತ್ತು ಮಕ್ಕಳು ದೂರ ದೂರ ಕೂರುವಂತಿಲ್ಲ! ಇದನ್ನು ಯೋಚಿಸಿಯೇ ಚಿಕ್ಕಮ್ಮನಿಗೆ ಅಕ್ಕಿಚೀಲ ಹೊಳೆದದ್ದು. ನಮ್ಮ ಕಡೆಯ ಖಾಸಗಿ ಬಸ್ಸುಗಳು ಹೊರದ ಸಾಮಾನಿಲ್ಲ. ಪೇಪರಿನ ಕಟ್ಟು, ಮಲ್ಲಿಗೆ ಹೂವಿನ ಅಟ್ಟೆ, ಮದ್ದು, ಮಗ ಮನೆಯಲ್ಲಿ ಮರೆತ ಕನ್ನಡಕ, ಏನು ಕೊಟ್ಟರೂ ಕಂಡಕ್ಟರು ಹೇಳಿದ ನಿಲ್ದಾಣದಲ್ಲಿ ಹೇಳಿದವರ ಕೈಗೇ ಕೊಡುತ್ತಾರೆ. ಚಿಕ್ಕಮ್ಮನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಕೆಲಸ ಹುಡುಕಿಕೊಂಡು ಸಿದ್ದಕಟ್ಟೆ, ಮೂಡುಬಿದಿರೆ ಕಡೆಗೆ, ಹೊಸ ಮನೆಗಳು ಏಳುತ್ತಿದ್ದಲ್ಲಿಗೆ ಹೋಗಿದ್ದರು. ಎಲ್ಲ ಒಂದೇ ಬಸ್ಸಿನ ದಾರಿ.

‘ಟೀಚರೇ, ಇದು ಪಾರ್ಸೆಲ್ಲಾ, ಶಾಲೆಯಾ?’ ಎಂದು ಕಂಡಕ್ಟರು ಕೇಳಿದರಂತೆ.

‘ನೀವು ಇವತ್ತಿನಿಂದ ನನ್ನ ಅಸಿಸ್ಟೆಂಟ್. ಮಾಸ್ಕ್ ಮೂಗಿನ ಮೇಲೆ ಹಾಕಿ.’

ಒಂದು ದಿನ ಪುಸ್ತಕ ಹೋಗುವುದು, ಮರುದಿನ ತಿರುಗಿ ಬರುವುದು. ಪ್ರತಿ ಪುಸ್ತಕದಲ್ಲಿ ಐದು ಲೆಕ್ಕ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: ‘ಹೇಗಿದ್ದೀ?’ ಮುಂದೆ ಆ ಮಗುವಿನ ಹೆಸರು. ಮೂಡುಬಿದಿರೆ ನಿಲ್ದಾಣದಲ್ಲಿ ಇಳಿಯುವ ಪುಸ್ತಕ ಒಂದೇ, ಅದು ರೇಣುಕಾಳದ್ದು. ಬಾಗಲಕೋಟೆ ಕಡೆಯಿಂದ ಬಂದ ಗಾರೆ ಕೆಲಸದವರ ಮಗಳು. ಎರಡನೆಯ ತರಗತಿಯಲ್ಲಿದ್ದಾಗ ಶಾಲೆ ಮುಚ್ಚಿತ್ತು. ಪರೀಕ್ಷೆಯೂ ಇಲ್ಲದೆ, ಯಾರನ್ನೂ ಕೇಳದೆ ಮೂರನೆಯದಕ್ಕೆ ಪಾಸಾಗಿದ್ದಳು.

ರೇಣುಕಾ ಮೊದಲ ಕೆಲವು ದಿನ ಏನೂ ಬರೆಯಲಿಲ್ಲ. ಆಮೇಲೆ ಲೆಕ್ಕಗಳು ಸರಿಯಾಗಿ ಬರತೊಡಗಿದವು. ಅಂಕೆಗಳೂ ದುಂಡಗಾದವು. ‘ಹೇಗಿದ್ದೀ ರೇಣುಕಾ’ ಎಂಬುದಕ್ಕೆ ಮಾತ್ರ ಉತ್ತರವಿಲ್ಲ, ನಾಚಿಕೆಯ ಹುಡುಗಿ ಎಂದುಕೊಂಡರು ಚಿಕ್ಕಮ್ಮ. ಕಳೆಯುವುದು ಮುಗಿದು ಗುಣಿಸುವುದಾಯಿತು, ಭಾಗಿಸುವುದೂ ಬಂತು. ಪುಟಪುಟಕ್ಕೂ ‘ಬಹಳ ಒಳ್ಳೆಯದು’! ನನಗೆ ಫೋನು ಮಾಡಿ, ‘ನಿನ್ನ ಬಿಲ್ಲೆಗಳಿಗಿಂತ ನನ್ನ ಬಸ್ಸೇ ವಾಸಿ’ ಎಂದು ಹೀಯಾಳಿಸಿದರು. ನಾನೂ ಸೋಲೊಪ್ಪಿದೆ.

ಒಂದು ದಿನ ರೇಣುಕಾಳ ಭಾಗಾಕಾರದ ಕೆಳಗೆ ಎರಡು ಗೆರೆ ಎಳೆದಿತ್ತು. ಗೆರೆಯ ಕೆಳಗೆ ದೊಡ್ಡವರ ಸಹಿ ಇತ್ತು.

ಚಿಕ್ಕಮ್ಮ ಮರುದಿನ ಬಸ್ಸಿನ ಬಾಗಿಲಲ್ಲೇ ಪುಸ್ತಕ ಬಿಡಿಸಿ ಹಿಡಿದರು. ‘ಇದು ಯಾರ ಸಹಿ?’

ಕಂಡಕ್ಟರು ಪುಸ್ತಕ ನೋಡಿದರು, ಕೈಯ ವಿಸಿಲ್ ನೋಡಿದರು, ಆಕಾಶ ನೋಡಿದರು. ‘ನಂದೇ ಟೀಚರ್. ಟ್ರಿಪ್ ಶೀಟಿಗೆ ಹಾಕಿ ಹಾಕಿ ಅಭ್ಯಾಸ ಆಗಿದೆ.’

‘ಲೆಕ್ಕವೂ ನಿಮ್ಮದೇ?’

‘ಪುಸ್ತಕ ದಿನಾ ಖಾಲಿ ಇರ್ತಿತ್ತು ಟೀಚರ್. ಆ ಮಗು ಬಸ್ಸಿಗಿಂತ ಮುಂಚೆ ಬಂದು ನಿಂತಿರ್ತದೆ. ಖಾಲಿ ಕಂಡರೆ ನೀವು ಬಯ್ತೀರಿ ಅಂತ ಪಾಪ ಅನ್ನಿಸಿತು. ಮೂಡುಬಿದಿರೆಯಲ್ಲಿ ಟೈಮಿಗೆ ಕಾಯುವಾಗ ಕೂತು ಮಾಡಿಬಿಟ್ಟೆ.’

‘ಯಾವಾಗಿನಿಂದ?’

‘ಕಳೆಯುವ ಲೆಕ್ಕದಿಂದ.’

ಚಿಕ್ಕಮ್ಮ ಲೆಕ್ಕದ ಮೇಲೆ ಬೆರಳಿಟ್ಟು, ‘ಇದರಲ್ಲಿ ಶೇಷ ತಪ್ಪುಂಟು’ ಎಂದರು. ಆಮೇಲೆ ಚೀಲವನ್ನು ಬಿ.ಸಿ.ರೋಡಿನಲ್ಲೇ ಬಿಟ್ಟು, ಆ ಪುಸ್ತಕವೊಂದನ್ನೇ ಹಿಡಿದು ತಾವೇ ಬಸ್ಸು ಹತ್ತಿದರು.

ಮೂಡುಬಿದಿರೆ ನಿಲ್ದಾಣದಿಂದ ನನಗೆ ಫೋನು ಬಂತು. ಹೋದೆ. ಕಥೆ ಕೇಳಿ ನನಗೆ ನಗು ತಡೆಯಲಿಲ್ಲ, ಇಷ್ಟು ದಿನದ ಹೀಯಾಳಿಕೆಗೆ ಬಡ್ಡಿ ಸಮೇತ ಕೊಡಬೇಕೆಂದು ಬಾಯಿ ತೆರೆದೆ. ಚಿಕ್ಕಮ್ಮನ ಮುಖ ನೋಡಿ ಹಾಗೆಯೇ ಮುಚ್ಚಿದೆ. ಕಂಡಕ್ಟರು ಹೇಳಿದ ಗುರುತು ಹಿಡಿದು ಇಬ್ಬರೂ ನಡೆದೆವು. ಅರ್ಧ ಕಟ್ಟಿದ ಮನೆ, ಅದರ ಪಕ್ಕದಲ್ಲಿ ತಗಡಿನ ಶೆಡ್ಡು. ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡಿದ್ದ ರೇಣುಕಾ ಟೀಚರನ್ನು ಕಂಡವಳೇ ತಮ್ಮನ ಸಮೇತ ನೆಟ್ಟಗೆ ನಿಂತು ‘ನಮಸ್ತೇ ಟೀಚರ್’ ಎಂದಳು.

ಚಿಕ್ಕಮ್ಮ ಮರಳಿನ ರಾಶಿಯ ಮೇಲೆಯೇ ಕುಳಿತರು. ‘ಹದಿಮೂರರಲ್ಲಿ ಆರು ಕಳೆದರೆ ಎಷ್ಟು ಮಗಾ?’

ರೇಣುಕಾ ತಮ್ಮನನ್ನು ಕೆಳಗಿಳಿಸಿ ತನ್ನ ಹತ್ತು ಬೆರಳು ಮಡಚಿದಳು. ಸಾಲಲಿಲ್ಲ. ತಮ್ಮನ ಬೆರಳು ಬಿಡಿಸಲು ನೋಡಿದಳು, ಅವನು ಮುಷ್ಟಿ ಬಿಗಿ ಹಿಡಿದು ಕಿರುಚಿದ. ಅವಳು ತಲೆ ತಗ್ಗಿಸಿದಳು.

‘ಇರಲಿ. ಇಲ್ಲಿ ಓದು’ ಎಂದು ಚಿಕ್ಕಮ್ಮ ಪುಸ್ತಕದ ಕೆಂಪು ಸಾಲು ತೋರಿಸಿದರು.

ಅವಳ ತುಟಿ ಅಲುಗಿತು, ಅಕ್ಷರ ಬರಲಿಲ್ಲ. ಎರಡನೆಯ ತರಗತಿಯಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ ಹುಡುಗಿ. ಅಷ್ಟೂ ಹೋಗಿಬಿಟ್ಟಿತ್ತು. ಆಮೇಲೆ ಅವಳ ಬೆರಳು ಸಾಲಿನ ಕೊನೆಗೆ ಬಂದು ನಿಂತಿತು.

‘ಇದು ನಾನ್ರಿ.’

‘ಮತ್ತೆ ಏನೂ ಬರೆಯದಿದ್ದರೂ ದಿನಾ ಯಾಕೆ ಬಸ್ಸಿಗೆ ಕಾಯ್ತಿದ್ದಿ?’

‘ಟೀಚರ್ ನನ್ನ ಹೆಸರು ಬರೆದಿರ್ತಾರಲ್ರಿ. ನೋಡಾಕ ಬರ್ತಿದ್ದೆ.’

ಚಿಕ್ಕಮ್ಮ ಪುಟ ತಿರುವಿ ತಿರುವಿ, ತಾವು ಬರೆದ ‘ಬಹಳ ಒಳ್ಳೆಯದು’ಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದರು. ತನಗೇ ಬಿದ್ದ ಪೆಟ್ಟು ಎಂಬಂತೆ ರೇಣುಕಾ ನೋಡುತ್ತ ನಿಂತಳು. ‘ನಾಳೆಯಿಂದ ಬಸ್ಸಿನಲ್ಲಿ ಪುಸ್ತಕ ಬರುವುದಿಲ್ಲ. ಇದು ನಿನ್ನ ಹತ್ರವೇ ಇರಲಿ’ ಎಂದು ಚಿಕ್ಕಮ್ಮ ಅವಳ ಕೈಗೆ ಪುಸ್ತಕ ಕೊಟ್ಟು, ಇನ್ನೊಂದು ಮಾತೂ ಆಡದೆ ತಿರುಗಿ ಹೊರಟರು. ಹುಡುಗಿಯ ಮುಖ ಬಾಡಿಹೋಯಿತು. ಪುಸ್ತಕವನ್ನು ಎದೆಗೆ ಒತ್ತಿ ಹಿಡಿದದ್ದನ್ನು ನಾನು ನೋಡಿದೆ, ಚಿಕ್ಕಮ್ಮ ನೋಡಲಿಲ್ಲ. ಅವರು ಕಣ್ಣೊರೆಸಿಕೊಳ್ಳುತ್ತ ಬೇಗ ಬೇಗ ನಡೆಯುತ್ತಿದ್ದರು. ಅವರು ಅತ್ತದ್ದನ್ನು ಅದಕ್ಕೆ ಮೊದಲು ನಾನು ಕಂಡವನಲ್ಲ.

ನಿಲ್ದಾಣದ ಬೆಂಚಿನ ಮೇಲೆ ಕುಳಿತ ಮೇಲೆ ಹೇಳಿದರು. ‘ನೀನು ಬಿಲ್ಲೆ ನೋಡಿ ಪಾಠ ಮಾಡಿದಿ, ನಾನು ಪುಸ್ತಕ ನೋಡಿ ಮಾಡಿದೆ. ಇಬ್ಬರೂ ಮಗುವನ್ನು ನೋಡಲಿಲ್ಲ ಮಾರಾಯ. ನಾನಂತೂ ಆ ಕಂಡಕ್ಟರಿಗೆ ಎರಡು ತಿಂಗಳು ಟ್ಯೂಷನ್ ಕೊಟ್ಟೆ.’

ಮಳೆಗೆ ರಜೆ ಕೊಟ್ಟ ದಿನ ನಮ್ಮ ಕಾಲೇಜಿನಲ್ಲಿ ಈಗಲೂ ಆನ್‌ಲೈನ್ ಪಾಠ ನಡೆಯುತ್ತದೆ. ಇದರಿಂದ ಪ್ರಯೋಜನ ಇದೆಯೇ ಎಂದು ಯಾರಾದರೂ ಕೇಳಿದರೆ, ಬೀದರಿನ ಹುಡುಗಿಗೆ ಖಂಡಿತ ಇದೆ ಎನ್ನುತ್ತೇನೆ. ರೇಣುಕಾಳ ವಿಷಯಕ್ಕೆ ಬಂದಾಗ ನನಗೆ ನೆನಪಾಗುವುದು ಆ ಮರುದಿನದ ಸಂಜೆ.

ಮನಸ್ಸು ತಡೆಯದೆ ನಾನು ನಿಲ್ದಾಣಕ್ಕೆ ಹೋಗಿದ್ದೆ. ಪುಸ್ತಕ ಬರುವುದಿಲ್ಲ ಎಂದು ಗೊತ್ತಿದ್ದೂ ರೇಣುಕಾ ದಿನದ ಜಾಗದಲ್ಲೇ ನಿಂತಿದ್ದಳು. ಸೊಂಟದಲ್ಲಿ ತಮ್ಮ, ಕಂಕುಳಲ್ಲಿ ಆ ಪುಸ್ತಕ. ಬಸ್ಸು ಬಂತು. ಮೊದಲು ಕಂಡಕ್ಟರು ಇಳಿದರು.

‘ಇವತ್ತು ಪಾರ್ಸೆಲ್ ಸ್ವಲ್ಪ ದೊಡ್ಡದುಂಟು ಮಗಾ’ ಎಂದು ಅವರು ಬಾಗಿಲಿನತ್ತ ಕೈ ಚಾಚಿದರು. ಆ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ, ಹೆಗಲಲ್ಲಿ ಚೀಲ, ಚಿಕ್ಕಮ್ಮ ನಿಧಾನವಾಗಿ ಮೆಟ್ಟಿಲಿಳಿದರು. ಶಾಲೆಯ ಬಾಗಿಲು ತೆರೆಯುವವರೆಗೂ ಅವರು ಹೀಗೆಯೇ ಒಂದೊಂದು ದಿನ ಒಂದೊಂದು ನಿಲ್ದಾಣದಲ್ಲಿ ಇಳಿಯುತ್ತಿದ್ದರು ಎಂಬುದು ಆಮೇಲಿನ ಮಾತು. ಅವತ್ತು ಅವರು ಬೆಂಚಿನ ಮೇಲೆ ಕುಳಿತು ಚೀಲದಿಂದ ಹಾಜರಿ ಪುಸ್ತಕ ತೆಗೆದರು. ಎದುರಿಗೆ ಒಂದೇ ಮಗು. ಆದರೂ ಕನ್ನಡಕ ಏರಿಸಿ, ಪುಟದ ಮೇಲೆ ಬೆರಳಿಟ್ಟು, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದರು.

‘ರೇಣುಕಾ?’

‘ಬಂದೀನ್ರಿ ಟೀಚರ್.’

‘ನಾನೂ ಬಂದಿದ್ದೇನೆ’ ಎಂದರು ಚಿಕ್ಕಮ್ಮ.