ಕಾಲು ನೆಲಕ್ಕೆ ಹತ್ತಬಾರದು

ರೋಣದಲ್ಲಿ ಬೈಕ್ ಕಲಿಸುವವನಿಗೆ ಬೀಳುವವರ ಕೊರತೆ ಆಗುವುದಿಲ್ಲ. ಹೋದ ವರ್ಷ ಬಿದ್ದವರಲ್ಲಿ ಒಬ್ಬರನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

೧. ಗಂಡನ ಗಾಡಿ

ಆಕೆಯ ಗಂಡ ಎದೆನೋವಿನಿಂದ ತೀರಿಕೊಂಡು, ತನ್ನ ಸರ್ಕಾರಿ ನೌಕರಿಯನ್ನೂ ಬೈಕನ್ನೂ ಆಕೆಗೆ ಬಿಟ್ಟುಹೋಗಿದ್ದ. ನೌಕರಿ ಹೊಳೆದಂಡೆಯ ಮೆಣಸಗಿಯಲ್ಲಿ. ಬಸ್ಸು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಾಜರಿ ಪುಸ್ತಕ ಮುಚ್ಚಿರುತ್ತಿತ್ತು. ಎರಡು ನೋಟಿಸು ಬಂದಿದ್ದವು. ಮೂರನೆಯದು ಬಂದರೆ ನೌಕರಿಯೂ ಗಂಡನ ದಾರಿ ಹಿಡಿಯುತ್ತಿತ್ತು.

ಗಂಡ ಆರಡಿ ಆಳು, ಬೈಕೂ ಅವನಿಗೆ ತಕ್ಕದ್ದು. ಈಕೆ ಸೀಟಿನ ಮೇಲೆ ಕೂತರೆ ಎರಡೂ ಕಾಲು ಗಾಳಿಯಲ್ಲಿ.

"ಇದನ್ನ ಮಾರಿ ಸಣ್ಣ ಗಾಡಿ ತಗೋರಿ ಅಕ್ಕಾರ. ಇಲ್ಲಂದ್ರ ಸೀಟಿನ ಸ್ಪಂಜರ ಕೊಯ್ಸಿ ತಗ್ಗ ಮಾಡಸ್ರಿ" ಎಂದೆ.

ಜೊತೆಗೆ ಬಂದಿದ್ದ ಅತ್ತೆ ನಡುವೆ ಬಂದರು. "ವರ್ಷದ ತಿಥಿ ಆಗೂತನಕ ನನ್ನ ಮಗನ ಸಾಮಾನಿಗೆ ಯಾರೂ ಕತ್ತರಿ ಹಚ್ಚೂಹಂಗಿಲ್ಲ."

"ಸೊಸಿ ಬಿದ್ರ ಏನ್ ಮಾಡ್ತೀರಿ?"

"ಬೀಳ್ಲಿ. ಗಾಡಿಗೇನೂ ಆಗಬಾರ್ದು."

೨. ತಿರುವು

ಜೋರು ಹೋಗುವಾಗ ಎಂಥ ಗಾಡಿಯೂ ನೆಟ್ಟಗಿರುತ್ತದೆ. ನಿಧಾನಿಸಿದಾಗಲೇ ಅದಕ್ಕೆ ತನ್ನ ಭಾರ ನೆನಪಾಗುವುದು. ಈ ಗಾಡಿಯ ಭಾರವೆಲ್ಲ ಮೇಲೆ. ಹ್ಯಾಂಡಲ್ ಹೊರಳುವುದೂ ಕಡಿಮೆ. ಸಂತೆ ಬಯಲಿನಲ್ಲಿ ಎಂಟರ ಆಕಾರ ಹೊಡೆಸಿದರೆ ಆಕೆ ತಿರುವಿನಲ್ಲಿ ಹೆದರಿ ಮುಂದಿನ ಬ್ರೇಕ್ ಹಿಡಿಯುವಳು, ಗಾಡಿ ಮಲಗುವುದು.

"ಮುಂದಿನ ಬ್ರೇಕ್ ಬ್ಯಾಡ್ರಿ! ಹಿಂದಿಂದು ಸ್ವಲ್ಪ ಒತ್ರಿ, ಕ್ಲಚ್ ಅರ್ಧ ಬಿಡ್ರಿ" ಎಂದು ಬಾಯಿ ಬತ್ತುವವರೆಗೆ ಹೇಳಿದೆ.

ಹತ್ತನೇ ದಿನ ಗಾಡಿ ಆಕೆಯ ಕಾಲ ಮೇಲೆಯೇ ಬಿತ್ತು. ಅತ್ತೆ ಓಡಿಬಂದು ಸೆರಗಿನಿಂದ ಟ್ಯಾಂಕ್ ಒರೆಸತೊಡಗಿದರು.

ಸೊಸೆ ಗಾಡಿಯ ಕೆಳಗಿನಿಂದಲೇ ಹೇಳಿದಳು: "ಮಾಸ್ತರ್ರ, ಅತ್ತಿ ಒರಸೂದು ಮುಗದ ಮ್ಯಾಲೆ ಎತ್ರಿ."

೩. ಪರೀಕ್ಷೆ

ಲೈಸೆನ್ಸ್ ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ಸಾಹೇಬರು ಎಚ್ಚರಿಸಿದರು: "ಎಂಟು ಹೊಡಿಯೂವಾಗ ಕಾಲು ನೆಲಕ್ಕ ಹತ್ತಿದ್ರ ನಪಾಸು."

"ಹತ್ತೂದಿಲ್ರೀ ಸಾಹೇಬ್ರ."

ಅದನ್ನು ಅವರು ಆತ್ಮವಿಶ್ವಾಸವೆಂದು ತಿಳಿದರು.

ಎಂಟು ಚಲೋ ಬಂತು. "ಪಾಸು. ನಿಲ್ಲಸ್ರಿ" ಎಂದರು. ಆಕೆ ಇನ್ನೊಂದು ಎಂಟು ಹೊಡೆದಳು. ಆಮೇಲೆ ಮತ್ತೊಂದು.

"ನಿಲ್ಲಸ್ರೀ ಅಂದ್ನಲ್ಲಾ!"

"ಹಿಡಕೊಳ್ಳಾಕ ಯಾರರ ಬರ್ರೀ!"

ಸಾಹೇಬರೂ ನಾನೂ ಎರಡು ಕಡೆಯಿಂದ ಓಡಿ ಹಿಡಿದೆವು. ಸಾಹೇಬರು ಸಹಿಗೆಂದು ತೆಗೆದಿದ್ದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

"ಆಫೀಸಿನ್ಯಾಗ ದಿನಾ ಯಾರು ಹಿಡೀತಾರವ್ವಾ ನಿನ್ನ?"

"ಅಲ್ಲಿ ಯಾರೂ ಬೇಕಾಗಿಲ್ರೀ. ಹೊಳಿ ನೀರು ಒಳಗ ನುಗ್ಗಬಾರ್ದಂತ ನೆರೆ ಪರಿಹಾರದ ರೊಕ್ಕದಾಗ ಆಫೀಸಿನ ಕಟ್ಟಿ ಎತ್ತರ ಮಾಡ್ಯಾರ. ಗಾಡಿ ಅದರ ಮಗ್ಗಲಕ ತಂದು, ಕಟ್ಟಿ ಮ್ಯಾಲೆ ಕಾಲು ಊರ್ತೀನಿ."

ಸಾಹೇಬರು ಪೆನ್ನನ್ನು ಮತ್ತೆ ಹೊರತೆಗೆದು ಸಹಿ ಹಾಕಿದರು. ನೆರೆ ಪರಿಹಾರವು ಫಲಾನುಭವಿಯ ಕಾಲಬುಡಕ್ಕೇ ನೇರವಾಗಿ ತಲುಪಿದ್ದನ್ನು ನಾನು ಕಂಡದ್ದು ಅದೇ ಮೊದಲು.