ಡೆಮೊ ಬಟನ್ ಅವರಿಗೆ ದರ್ಜಿಯ ದೂರು

ಮಾನ್ಯ ಡೆಮೊ ಬಟನ್ ಅವರೇ,

ಕೀಬೋರ್ಡ್ ಸಿಂಥಸೈಜರಿನ ಬಲ ಮೂಲೆಯಲ್ಲಿ ಕೆಂಪಗೆ ವಿರಾಜಮಾನರಾಗಿ, ಯಾರು ಒತ್ತಿದರೂ ಯಂತ್ರ ತನ್ನಷ್ಟಕ್ಕೆ ತಾನೇ ಹಾಡುವಂತೆ ಮಾಡುವ ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದರೆ ತಮ್ಮ ಕೆಳಗಿನ ಸ್ಪ್ರಿಂಗಿಗೆ, ಈ ದರ್ಜಿಯ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣ.

ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ಅಕ್ಕ ನೃತ್ಯ ಕಲಿಸುತ್ತಾಳೆ. ಅವಳ ಶಿಷ್ಯೆಯರ ಮೊದಲ ಪ್ರದರ್ಶನಕ್ಕೆ ಹೊಸ ಕಾಲದ ಸಂಗೀತ ನಾನೇ ಮಾಡಿಕೊಡುತ್ತೇನೆಂದು ಜಂಬದಲ್ಲಿ ಮಾತು ಕೊಟ್ಟಿದ್ದೆ. "ನೀನು ಕೈ ಕೊಟ್ರೆ ನಿಮ್ಮ ಭಾವನ ಮೌತ್ ಆರ್ಗನ್ನೇ ಗತಿ ಕಣೋ" ಎಂದು ಅವಳು ಹೆದರಿಸಿದಳು. ಭಾವನ ಮೌತ್ ಆರ್ಗನ್ ಒಮ್ಮೆ ಕೇಳಿದವರಿಗೆ ನಾನು ವಾದ್ಯದಂಗಡಿಗೆ ಓಡಿದ್ದೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆಯ ಒಳಮೈ ನೋಡದೆ ಕೊಳ್ಳುವ ಜಾಯಮಾನ ನನ್ನದಲ್ಲವಾದ್ದರಿಂದ, ಅಲ್ಲಿದ್ದ ಅಗ್ಗದ ಸಿಂಥಸೈಜರುಗಳನ್ನೆಲ್ಲ ಮಗುಚಿ, ವೈರು ಎಳೆದು, ತಿರುಪು ಅಲ್ಲಾಡಿಸಿ ನೋಡಿದೆ. ಒಂದರ ಕೀಗಳು ಅಂಗಿಯ ಗುಂಡಿಗಿಂತ ಸಣ್ಣವು, ಇನ್ನೊಂದರ ತಿರುಗುಗುಂಡಿಗಳು ವಿಮಾನ ಹಾರಿಸುವಷ್ಟು. ಕೊನೆಗೆ ತಮ್ಮ ಯಂತ್ರದ ಅಗಲ ಅಳೆಯುವಾಗ ನನ್ನ ಟೇಪಿನ ಹಿತ್ತಾಳೆ ತುದಿ ತಮ್ಮನ್ನು ಒತ್ತಿದ್ದು ನನಗೆ ತಿಳಿಯಲಿಲ್ಲ. ಪರೀಕ್ಷೆಗೆಂದು ಹತ್ತೂ ಬೆರಳನ್ನು ಕೀಗಳ ಮೇಲಿಟ್ಟೆ ನೋಡಿ, ಅಬ್ಬಬ್ಬಾ, ಡ್ರಮ್ಮೇನು, ಬೇಸೇನು, ತುತ್ತೂರಿಯೇನು! ಗಿರಾಕಿಗಳು ಚಪ್ಪಾಳೆ ತಟ್ಟಿದರು. "ಯಾವಾಗಿಂದ ನುಡಿಸ್ತಿದೀರಾ ಸಾರ್?" ಎಂದು ಮಾರಾಟಗಾರ ಕೇಳಿದಾಗ "ಈಗ ತಾನೇ" ಎಂದು ವಿನಯದಿಂದ ನುಡಿದೆ. ಕೈ ಎತ್ತಿದ ಮೇಲೂ ಸಂಗೀತ ನಿಲ್ಲದ್ದನ್ನು ಕಂಡು, ಆಧುನಿಕ ಸಂಗೀತವೆಂದರೆ ಹೀಗೇ ಇರಬೇಕೆಂದುಕೊಂಡೆ. ಆಕಾಶಕ್ಕೆ ಮೂರೇ ಗೇಣು ಉಳಿದಿತ್ತು, ಸ್ವಾಮೀ.

ನನ್ನ ಅಂಗಡಿಗೆ ತಂದು ಅದೇ ಹತ್ತು ಬೆರಳಿಟ್ಟರೆ ಬಾಗಿಲಿಗೆ ಬಾಲ ಸಿಕ್ಕ ಬೆಕ್ಕಿನ ಕೂಗು! ತಮ್ಮ ಮಹಿಮೆ ಆಗ ಅರಿವಾಯಿತು. ಜೊತೆಗೆ ಬಂದಿದ್ದ ಪೆಡಲನ್ನು ಒತ್ತಿ ಹಿಡಿದರೆ ಸ್ವರ ಉದ್ದವಾಗಿ ನಿಲ್ಲುತ್ತದಂತೆ, ಆದರೆ ಹೊಲಿಗೆ ಯಂತ್ರ ತುಳಿದು ಪಳಗಿದ ನನ್ನ ಕಾಲಿಗೆ ಒತ್ತಿ ಹಿಡಿಯುವುದು ಗೊತ್ತಿಲ್ಲ, ತುಳಿಯುವುದಷ್ಟೇ ಗೊತ್ತು. ಸ್ವರ ನಿಲ್ಲುವ ಬದಲು ಟಕಟಕ ತುಂಡಾಗುತ್ತ ಓಡತೊಡಗಿತು, ಬೆರಳುಗಳು ಹೇಗೋ ಅದರ ಹಿಂದೆ ಬಿದ್ದವು. ಹುಡುಗಿಯರು ಮಹಡಿಯಿಂದ ಧಡಧಡ ಇಳಿದು ಬಂದು ಅಂಗಡಿಯಲ್ಲೇ, ಕತ್ತರಿಸಿಟ್ಟ ಬಟ್ಟೆಗಳ ನಡುವೆ, ಕುಣಿದೇ ಬಿಟ್ಟರು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಪ್ರದರ್ಶನದ ದಿನ ವೇದಿಕೆಯ ಪಕ್ಕ ಕೂತು, ಬೆವರು ಸುರಿಸಿ, ಪ್ರತಿಯೊಂದು ಸ್ವರವನ್ನೂ ನಾನೇ ನುಡಿಸಿದೆ. ಸಭಾಂಗಣ ಎದ್ದು ಕುಣಿಯಿತು. ಆಮೇಲೆ ಭಾವ ನಾಲ್ಕು ಜನರೆದುರು ಬೆನ್ನು ತಟ್ಟಿ, "ಭಲೇ, ಸರಿಯಾದ ಬಟನ್ನೇ ಒತ್ತಿದೆ ನೋಡು" ಎಂದರು. ಎಲ್ಲರೂ ತಲೆದೂಗಿದರು! ನಾನು ನುಡಿಸದಿದ್ದಾಗ ನನ್ನದೆಂದರು, ನಾನು ನುಡಿಸಿದಾಗ ತಮ್ಮದೆಂದರು.

ನುಡಿಸಲಾರದವನು ಬಟನ್ ಡೊಂಕು ಅಂದನಂತೆ ಎಂದು ತಾವು ನಗಬಹುದು. ಆದರೂ ತಾವು ದಯಮಾಡಿ ಖುದ್ದಾಗಿ ಭಾವನ ಮನೆಗೆ ನಡೆದು ಹೋಗಿ, ಆ ದಿನ ತಾವು ರಜೆಯಲ್ಲಿದ್ದಿರೆಂದು ಪ್ರಮಾಣ ಮಾಡಬೇಕು. ಮುಂದೆ ಯಾರ ಟೇಪು ತಗುಲಿದರೂ ಮೊದಲು ಒಮ್ಮೆ ಕೆಮ್ಮಿ, "ಹಾಡುವವನು ನಾನು, ಇವರಲ್ಲ" ಎಂದು ಘೋಷಿಸಿಯೇ ಶುರುಮಾಡಬೇಕು. ಇಷ್ಟೂ ಕಷ್ಟವಾದರೆ ಕನಿಷ್ಠ ನಾಚಿ ಕೆಂಪಾಗಬೇಕೆಂದು ಕೋರುತ್ತಿದ್ದೆ, ತಾವು ಆಗಲೇ ಕೆಂಪಗಿದ್ದೀರಿ.

ಇನ್ನೂ ತಮ್ಮನ್ನು ಒತ್ತದೆಯೇ ಬದುಕುತ್ತಿರುವ,
ತಮ್ಮ ವಿಶ್ವಾಸಿ,
ಕೆಳಮಹಡಿಯ ದರ್ಜಿ

ಮರೆತ ಮಾತು: ಅಕ್ಕ ಮಾತ್ರ ಮೋಸ ಹೋಗಲಿಲ್ಲ. ದಿನವಿಡೀ ಕೆಳಗಿನಿಂದ ನನ್ನ ಹೊಲಿಗೆ ಯಂತ್ರದ ಸದ್ದು ಕೇಳುವವಳು, ಎಲ್ಲರೂ ಹೋದ ಮೇಲೆ ಪಕ್ಕದಲ್ಲಿ ಕೂತು, "ಬಟನ್ನೂ ಇಲ್ಲ, ಗಿಟನ್ನೂ ಇಲ್ಲ. ಅದು ನಿನ್ನ ಕಾಲು ಕಣೋ" ಎಂದಳು. ತಮ್ಮ ಹೊಟ್ಟೆಯಲ್ಲಿ ನೂರು ಹಾಡುಗಳಿವೆಯಂತೆ, ಅಭಿನಂದನೆಗಳು. ಅವುಗಳಲ್ಲಿ ಒಂದನ್ನಾದರೂ ಕೇಳಿ, ಇದು ಇವನದೇ ಎಂದು ಗುರುತು ಹಿಡಿಯಲು ತಮಗೊಬ್ಬಳು ಅಕ್ಕ ಇದ್ದಾಳೆಯೇ?